ಸಹಾಯ ಬೇಕು: ನಮ್ಮ ಮನೆಯ ರೀತಿ ಅರ್ಥವಾಗುವ ಥೆರಪಿಸ್ಟ್ ಗೊತ್ತಾ?

ಎಲ್ಲರಿಗೂ ನಮಸ್ಕಾರ. ನಾವು ಹೊರದೇಶಕ್ಕೆ ಬಂದು 11 ವರ್ಷ ಆಯ್ತು. 14 ವರ್ಷದ ಮಗಳು ಈಚೆಗೆ ಮಂಕಾಗಿದ್ದಾಳೆ, ನಿದ್ದೆಯೂ ಸರಿಯಿಲ್ಲ. ಒಬ್ಬ ಥೆರಪಿಸ್ಟ್ ಹತ್ತಿರ ಹೋದೆವು. ಅಜ್ಜಿ ಜೊತೆ ಒಂದೇ ಕೋಣೆಯಲ್ಲಿ ಮಲಗುವುದೇ ತೊಂದರೆ ಅಂದುಬಿಟ್ಟರು! ಅವರ ಭಾಷೆ ನನಗೆ ಪೂರ್ತಿ ಬಾರದು, ಮಗಳೇ ಹೇಳಬೇಕಾಯ್ತು. "ಅಮ್ಮಾ, ನಾನು ಯಾಕೆ ಅಳ್ತೀನಿ ಅಂತ ನಿನ್ನ ಕೇಳ್ತಿದ್ದಾರೆ" ಅಂದವಳು ತಲೆ ತಗ್ಗಿಸಿದಳು. ಇದು ಮಗು ಮಾಡುವ ಕೆಲಸವಾ?

ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ತಂದ 2013ರ ಡಿಎಸ್ಎಂ-5 ಕೈಪಿಡಿಯಲ್ಲಿ, ಬಂದವರ ಹಿನ್ನೆಲೆ, ನಂಬಿಕೆ ತಿಳಿಯಲು 16 ಪ್ರಶ್ನೆಗಳ ಸಂದರ್ಶನವೇ ಇದೆ. ಅದನ್ನು ನಿಜವಾಗಿ ಬಳಸುವವರು, ದುಭಾಷಿಯನ್ನು ಬೇರೆ ಕರೆಸುವವರು ಯಾರಾದರೂ ಗೊತ್ತಾ? ಆನ್‌ಲೈನ್ ಆದರೂ ಸರಿ. ಸುಮ್ನೆ ಹೆಸರು ಬೇಡ, ನೀವೇ ಹೋಗಿದ್ದರೆ ಹೇಗಿತ್ತು ಅಂತ ಹೇಳಿ.