ಚಾರ್ಟ್‌ಪ್ಲಾಟರ್ ಅಪ್‌ಡೇಟ್ ಕಾರ್ಡ್ ಓದ್ತಾನೇ ಇಲ್ಲ

ಪ್ರಶ್ನೆ: ಬೋಟಲ್ಲಿರೋ, ನಕ್ಷೆ ಮೇಲೆ ಬೋಟ್ ಎಲ್ಲಿದೆ ಅಂತ ತೋರ್ಸೋ ಚಾರ್ಟ್‌ಪ್ಲಾಟರ್‌ಗೆ ಹೊಸ ಸಾಫ್ಟ್‌ವೇರ್ ಹಾಕೋಣ ಅಂತ 64 ಜಿಬಿ ಮೆಮೊರಿ ಕಾರ್ಡಿಗೆ ಫೈಲ್ ಕಾಪಿ ಮಾಡಿ ಹಾಕಿದೆ, ಮೂರು ಸಲ ಆಫ್ ಮಾಡಿ ಆನ್ ಮಾಡಿದ್ದಾಯ್ತು, ಕಾರ್ಡ್ ಇದೆ ಅಂತಾನೇ ಅದಕ್ಕೆ ಗೊತ್ತಾಗ್ತಿಲ್ಲ. ಏನ್ ಮಾಡ್ಲಿ?

ಉತ್ತರ 1: ಕಾರ್ಡೇ ಕಾರಣ ಇರ್ಬೇಕು ನೋಡಿ. 64 ಜಿಬಿ ಕಾರ್ಡು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಫಾರ್ಮ್ಯಾಟಲ್ಲಿ ಬರುತ್ತೆ, ಎಷ್ಟೋ ಪ್ಲಾಟರ್‌ಗಳು ಫ್ಯಾಟ್32 ಮಾತ್ರ ಓದೋದು. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದು ಹಾಕಿ ನೋಡಿ, ಫೈಲ್ ಹೆಸರು ಮಾತ್ರ ಬದಲಾಯಿಸ್ಬೇಡಿ.

ಉತ್ತರ 2: ಅದಕ್ಕೂ ಮುಂಚೆ ವೇಪಾಯಿಂಟ್ (ಗುರುತು ಹಾಕಿಟ್ಟ ಜಾಗ), ರೂಟ್ ಎಲ್ಲಾ ಬೇರೆ ಕಾರ್ಡಿಗೆ ಸೇವ್ ಮಾಡ್ಕೊಳ್ಳಿ ದಯವಿಟ್ಟು, ಹೋದ್ರೆ ವರ್ಷಗಟ್ಟಲೆ ಗುರುತು ಹಾಕಿಟ್ಟಿದ್ದೆಲ್ಲ ಹೋದಂಗೆ. ಆಮೇಲೆ ಬ್ಯಾಟರಿ. ನಂದು ವೀಕ್ ಇತ್ತು, ಅಪ್‌ಡೇಟ್ ನಡೀತಿರೋವಾಗ್ಲೇ ಇಂಜಿನ್ ಸ್ಟಾರ್ಟ್ ಮಾಡ್ಬಿಟ್ಟೆ, ವೋಲ್ಟೇಜ್ ಕುಸಿದು ಸ್ಕ್ರೀನ್ ಕಪ್ಪಾಯ್ತು, ಮತ್ತೆ ಆನ್ ಮಾಡಿದ್ರೆ ಲೋಗೋ ಬಿಟ್ಟು ಮುಂದಕ್ಕೇ ಹೋಗ್ಲಿಲ್ಲ, ಸರ್ವಿಸ್‌ಗೆ ಕಳಿಸ್ಬೇಕಾಯ್ತು. ದಡದಲ್ಲಿ ಕಟ್ಟಿ, ಚಾರ್ಜರ್ ಹಾಕಿ ಮಾಡಿ.

ಪ್ರಶ್ನೆ ಕೇಳಿದವರು: 16 ಜಿಬಿ ಕಾರ್ಡ್ ಹಾಕಿದ ತಕ್ಷಣ ಅಪ್‌ಡೇಟ್ ಮಾಡ್ಲಾ ಅಂತ ಕೇಳ್ತು, ಆಯ್ತು, ತುಂಬಾ ಥ್ಯಾಂಕ್ಸ್! ಆದ್ರೆ ತೋರ್ಸೋ ಆಳಕ್ಕೆ ಕೂಡಿಸೋ ಇಲ್ಲಾ ಕಳೆಯೋ ಅಂಕಿ, ಅಂದ್ರೆ ಆಳದ ಆಫ್‌ಸೆಟ್ ಸೊನ್ನೆಗೆ ಬಂದಿದೆ.

ಉತ್ತರ 2: ಹೊರಡೋ ಮುಂಚೆ ಅದನ್ನ ಮತ್ತೆ ಹಾಕ್ಲೇಬೇಕು. ಇಲ್ಲಾಂದ್ರೆ ಪ್ಲಾಟರ್ ಆಳ ಅಳೆಯೋ ಸೆನ್ಸರ್‌ನಿಂದ ಕೆಳಗಿನ ಆಳ ತೋರ್ಸುತ್ತೆ, ಕೀಲ್, ಅಂದ್ರೆ ಬೋಟಿನ ಅಡಿಭಾಗದ ತುದಿ, ಅದಕ್ಕಿಂತ ಕೆಳಗಿರುತ್ತಲ್ವಾ. ಅಲಾರಾಂಗಳನ್ನೂ ಒಂದ್ಸಲ ನೋಡ್ಕೊಳ್ಳಿ.