ಬೈಕಿಗೆ ಎಕ್ಸ್‌ಟ್ರಾ ಲೈಟ್ ಹಾಕಿಸಿದರೆ ಕೇಸ್ ಆಗುತ್ತಾ? ವಕೀಲರಿಗೆ ಒಂದು ಪ್ರಶ್ನೆ

ಪ್ರಶ್ನೆ (ಜಗಳೂರು ಕಡೆಯ ಸದಸ್ಯ):
ನಮಸ್ಕಾರ ಸರ್. ದಾವಣಗೆರೆಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಬಾಗಿಲು ಹಾಕುವಾಗ ರಾತ್ರಿ 9 ದಾಟಿರುತ್ತದೆ. ಆಮೇಲೆ ಬೈಕಿನಲ್ಲಿ ಜಗಳೂರು ಕಡೆಯ ನಮ್ಮೂರಿಗೆ ಹೋಗಬೇಕು. ಈಗ ಮೆಕ್ಕೆಜೋಳದ ಸುಗ್ಗಿ. ರಸ್ತೆಯ ಅರ್ಧಕ್ಕೆ ಜೋಳ ಹರವಿ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ಹೋದ ವಾರ ಅಂಥದೊಂದು ಕಲ್ಲಿಗೆ ಮುಂದಿನ ಗಾಲಿ ಬಡಿದು ರಿಮ್ ಬೆಂಡಾಯಿತು. ಜೋಳದ ರಾಶಿ ಮೇಲೆ ಬಿದ್ದಿದ್ದಕ್ಕೆ ಕೈಕಾಲು ಉಳಿಯಿತು. ಕಂಪನಿ ಕೊಟ್ಟಿರುವುದು 35 ವ್ಯಾಟಿನ ಹಾಲೊಜೆನ್ ಬಲ್ಬು, ದೀಪಾವಳಿ ಹಣತೆ ಇದ್ದ ಹಾಗೆ. ಅದಕ್ಕೇ ಕ್ರ್ಯಾಶ್ ಗಾರ್ಡಿಗೆ ಎರಡು ಎಲ್‌ಇಡಿ ಲೈಟ್ ಹಾಕಿಸಿದೆ, ಒಂದೊಂದೂ 20 ವ್ಯಾಟ್. ಮೂರನೇ ದಿನವೇ ಪೊಲೀಸರು ಹಿಡಿದು, "ಬಿಚ್ಚಿಸು, ಇಲ್ಲಾಂದ್ರೆ ಮುಂದಿನ ಸಲ ದಂಡ" ಎಂದರು. ಮಾರಿದವನು ಮಾತ್ರ "ಇದು ಲೀಗಲ್ ಅಣ್ಣ, ಎಲ್ಲರೂ ಹಾಕಿಸ್ತಾರೆ" ಎನ್ನುತ್ತಾನೆ. ಯಾರ ಮಾತು ಸರಿ?

ವಕೀಲರ ಉತ್ತರ:
ಇಬ್ಬರದ್ದೂ ಅರ್ಧ ಅರ್ಧ ಸರಿ. ಕೇಂದ್ರ ಮೋಟಾರು ವಾಹನ ನಿಯಮಗಳು ಬಂದದ್ದು 1989ರಲ್ಲಿ. ಅದರ 111ನೇ ನಿಯಮ ಸ್ಪಾಟ್ ಲೈಟ್ ಮತ್ತು ಸರ್ಚ್ ಲೈಟನ್ನು ಗಾಡಿಯ ಮುಂದೆ ಹಾಕಬಾರದು ಎನ್ನುತ್ತದೆ. ತೀರಾ ವಿಶೇಷ ಸಂದರ್ಭವಿದ್ದರೆ ಆರ್‌ಟಿಓ ಒಪ್ಪಿಗೆ ಮೊದಲೇ ಪಡೆದಿರಬೇಕು. ಅಲ್ಲಿ ಫಾಗ್ ಲ್ಯಾಂಪಿನ ಹೆಸರಿಲ್ಲ. ರಾಯಲ್ ಎನ್‌ಫೀಲ್ಡ್‌ನಂಥ ಕಂಪನಿ ತಾನೇ ಕೆಲವು ಬೈಕುಗಳಿಗೆ ಫಾಗ್ ಲೈಟನ್ನು ಆಕ್ಸೆಸರಿ ಎಂದು ಮಾರುತ್ತದೆ. ಹಾಗಾಗಿ "ಎಕ್ಸ್‌ಟ್ರಾ ಲೈಟ್ ಅಂದರೇ ತಪ್ಪು" ಎನ್ನುವ ಮಾತು ನಿಲ್ಲುವುದಿಲ್ಲ.

ಆದರೆ ನಿಮ್ಮದು ಫಾಗ್ ಲೈಟೋ, ಸ್ಪಾಟ್ ಲೈಟೋ? ಡಬ್ಬಿಯ ಮೇಲೆ ಏನಾದರೂ ಬರೆದಿರಲಿ, ಬೆಳಕು ಹೇಗೆ ಬೀಳುತ್ತದೆ ನೋಡಿ. ಫಾಗ್ ಲೈಟಿನ ಬೆಳಕು ಚಾಪೆ ಹಾಸಿದ ಹಾಗೆ ಅಗಲಕ್ಕೆ, ನೆಲದ ಮೇಲೆ, ಹತ್ತಿರದಲ್ಲೇ ಬೀಳುತ್ತದೆ. ಸ್ಪಾಟ್ ಲೈಟಿನದು ಕೋಲಿನ ಹಾಗೆ ನೇರ ಮುಂದಕ್ಕೆ. ಉರುಟು ಪ್ರೊಜೆಕ್ಟರ್ ಲೆನ್ಸಿನ ಅಗ್ಗದ ಲೈಟುಗಳಲ್ಲಿ ಬಹುಪಾಲು ಎರಡನೇ ಜಾತಿಯವು. ಡಬ್ಬಿ ಇನ್ನೂ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಸಣ್ಣಕ್ಷರದಲ್ಲಿ "ಆಫ್ ರೋಡ್ ಬಳಕೆಗೆ ಮಾತ್ರ" ಎಂದಿದ್ದರೆ, ಮಾರಿದವನ ಲೀಗಲ್ ಅಲ್ಲಿಗೇ ಮುಗಿಯಿತು.

ಮುಖ್ಯವಾದದ್ದು 106ನೇ ನಿಯಮ. ಎದುರಿನವರ ಕಣ್ಣು ಕುಕ್ಕಬಾರದು ಎಂಬುದಕ್ಕೆ ಅದು ಅಳತೆಯನ್ನೇ ಕೊಟ್ಟಿದೆ. ಲೈಟಿನಿಂದ 8 ಮೀಟರ್ ಮುಂದೆ, ಲೈಟಿನ ಬಲ ಅಂಚಿನಿಂದ ಅರ್ಧ ಮೀಟರ್ ಪಕ್ಕಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಒಬ್ಬರ ಕಣ್ಣಿದೆ ಅಂದುಕೊಳ್ಳಿ. ಬೆಳಕು ಆ ಕಣ್ಣಿಗೆ ರಾಚಬಾರದು. ಲೈಟು ಖಾಯಂ ಕೆಳಗೆ ಬಗ್ಗಿರಬೇಕು, ಇಲ್ಲವೇ ಡಿಮ್ ಮಾಡುವ ವ್ಯವಸ್ಥೆ ಇರಬೇಕು. ನಿಮ್ಮ ಲೈಟಿಗೆ ಡಿಪ್ಪರ್ ಇಲ್ಲ, ಇರುವುದು ಆನ್ ಆಫ್ ಸ್ವಿಚ್ ಒಂದೇ, ಅಲ್ವಾ? ಹಾಗಾದರೆ ಅದು ಬಗ್ಗಿಯೇ ಇರಬೇಕು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಮತಟ್ಟಾದ ಜಾಗದಲ್ಲಿ, ಒಂದು ಗೋಡೆಯಿಂದ 8 ಮೀಟರ್ ದೂರದಲ್ಲಿ ಬೈಕ್ ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಹಾಕಬೇಡಿ, ಬೈಕ್ ವಾಲುತ್ತದೆ. ಒಬ್ಬರು ಮೇಲೆ ಕೂತಿರಲಿ. ಗೋಡೆಯ ಮೇಲೆ 1.5 ಮೀಟರಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಲೈಟು ಇರುವಷ್ಟೇ ಎತ್ತರಕ್ಕೆ ಇನ್ನೊಂದು ಗೆರೆ. ಬೆಳಕಿನ ಮೇಲಂಚು ಎರಡನೇ ಗೆರೆಯ ಕೆಳಗೇ ನಿಂತರೆ ಒಳ್ಳೆಯದು. ನಿಯಮ ಕೇಳುವುದು ಇಷ್ಟು ಬಿಗಿ ಅಲ್ಲ, ಇದು ನನ್ನ ಸಲಹೆ. ಯಾಕೆಂದರೆ ಕಾರಿನವರ ಕಣ್ಣು 1.5 ಮೀಟರಿಗಿಂತ ಕೆಳಗೇ ಇರುತ್ತದೆ. ಜೊತೆಗೆ ಹಿಂದಿನ ಸೀಟಿನಲ್ಲಿ ಯಾರಾದರೂ ಕೂತ ತಕ್ಷಣ ಬೈಕಿನ ಮೂತಿ ಮೇಲೇಳುತ್ತದೆ.

ಮರು ಪ್ರಶ್ನೆ (ಅದೇ ಸದಸ್ಯ):
ಹಿಡಿದರೆ ಎಷ್ಟು ದಂಡ ಸರ್? ಒಬ್ಬರು 500 ಅಂತಾರೆ, ಇನ್ನೊಬ್ಬರು 5,000 ಅಂತಾರೆ.

ವಕೀಲರು:
ಯಾವ ಕಲಂ ಹಾಕುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಸಾಮಾನ್ಯವಾಗಿ ಹಾಕುವುದು ಮೋಟಾರು ವಾಹನ ಕಾಯ್ದೆಯ ಕಲಂ 177. ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಸಿಕ್ಕರೆ 1,500ವರೆಗೆ. 2024ರ ಜುಲೈ 1ರಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟಿನ ಮೇಲೆ ವಿಶೇಷ ಕಾರ್ಯಾಚರಣೆ ಶುರು ಮಾಡಿದಾಗಲೂ ಹಾಕಿದ್ದು ಇದೇ ಕಲಂ.

5,000 ಎನ್ನುವುದು ಕಲಂ 182ಎ, ಉಪಕಲಂ 4. ಇದು 2019ರ ತಿದ್ದುಪಡಿಯಲ್ಲಿ ಬಂತು. ನಿಯಮ ಮೀರಿ ಗಾಡಿ ಮಾರ್ಪಾಡು ಮಾಡಿಸಿದರೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಹೊರಗಿನ ಬಿಡಿಭಾಗ ತಂದು ಜೋಡಿಸುವುದೂ ಇದರೊಳಗೆ ಬರುತ್ತದೆ.

ಇಲ್ಲಿ ವಾದಕ್ಕೆ ಜಾಗ ಇದೆ. ಕಲಂ 52ರಲ್ಲಿ ಮಾರ್ಪಾಡು ಅಂದರೆ ಗಾಡಿಯ ರಚನೆ ಬದಲಾಗಿ, ಅದರ ಮೂಲ ಲಕ್ಷಣವೇ ಬದಲಾಗುವುದು. ನಾಲ್ಕು ನಟ್ಟು ಬಿಚ್ಚಿದರೆ ಕೈಗೆ ಬರುವ ಲೈಟು ರಚನೆ ಹೇಗಾಗುತ್ತದೆ ಎಂದು ಕೋರ್ಟಿನಲ್ಲಿ ನಾನು ಕೇಳಬಹುದು. ಆದರೆ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ರಾತ್ರಿ 10 ಗಂಟೆಗೆ ರಸ್ತೆ ಬದಿಯಲ್ಲಿ ಈ ವಾದ ಯಾರೂ ಕೇಳುವುದಿಲ್ಲ. ಚಲನ್ ತಪ್ಪು ಅನಿಸಿದರೆ ಕೋರ್ಟಿನವರೆಗೂ ಪ್ರಶ್ನಿಸಬಹುದು. 500 ರೂಪಾಯಿಗೆ ಯಾರೂ ಬರುವುದಿಲ್ಲ ಬಿಡಿ. ನಾನಾದರೂ ಬರಲ್ಲ.

ಲಾರಿ ಚಾಲಕರು (ಚಿತ್ರದುರ್ಗ):
ಸರ್, ನಾನೂ ಒಂದು ಮಾತು ಹೇಳಬಹುದಾ? ಹೊಸಪೇಟೆ ರೋಡಲ್ಲಿ ರಾತ್ರಿ ಈ ಬೈಕಿನವರು ಎದುರು ಬಂದರೆ ಲೈಟ್ ಬಿಟ್ಟು ಬೇರೇನೂ ಕಾಣಲ್ಲ. ಬೈಕೋ, ಕಾರೋ, ಎಷ್ಟು ದೂರ ಇದ್ದಾನೆ, ಯಾವುದೂ ಗೊತ್ತಾಗಲ್ಲ. ಅವನು ದಾಟಿ ಹೋದ ಮೇಲೂ ಎರಡು ಮೂರು ಸೆಕೆಂಡು ಕಣ್ಣೊಳಗೆ ಬಿಳಿ ಚುಕ್ಕೆ. ಅಷ್ಟರಲ್ಲಿ ನನ್ನ ಗಾಡಿ ಐವತ್ತು ಮೀಟರ್ ಹೋಗಿರುತ್ತೆ. ಆ ಐವತ್ತು ಮೀಟರಲ್ಲಿ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಇದ್ದರೆ?

ವಕೀಲರು:
ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಜಗಳೂರಿನವರು ಹುಡುಕುತ್ತಿರುವುದು ನೆಲದ ಮೇಲಿನ ಕಲ್ಲನ್ನು. ಅದಕ್ಕೆ ಬೆಳಕು ಮೇಲೆ ಹೋಗುವ ಅಗತ್ಯವೇ ಇಲ್ಲ. (ಲಾರಿಯವರೂ ಹೈ ಬೀಮ್ ಇಳಿಸಲಿ ಅಂತ ಬೈಕಿನವರ ಪರವಾಗಿ ಒಂದು ಮಾತು.)

ಆಟೋ ಎಲೆಕ್ಟ್ರಿಷಿಯನ್ (ಹರಿಹರ):
ಕಾನೂನು ಸರ್ ಹೇಳಿದರು, ನಾನು ವೈರಿಂಗ್ ಹೇಳ್ತೀನಿ. ಎರಡೂ ಸೇರಿ 40 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್. ರಿಲೇ (ಸಣ್ಣ ಸಿಗ್ನಲ್ ಸಿಕ್ಕರೆ ಬ್ಯಾಟರಿ ಕರೆಂಟನ್ನು ನೇರ ಲೈಟಿಗೆ ಬಿಡುವ ಸ್ವಿಚ್) ಹಾಕಿ, ಬ್ಯಾಟರಿ ಹತ್ತಿರವೇ 5 ಆಂಪಿಯರ್ ಫ್ಯೂಸ್ ಕೂರಿಸಬೇಕು. ಹೆಡ್‌ಲೈಟಿನ ವೈರನ್ನೇ ಕೊಯ್ದು ಟೇಪ್ ಸುತ್ತುತ್ತಾರಲ್ಲ, ಅದು ಬೇಡವೇ ಬೇಡ. ಕಂಪನಿ ವೈರ್ ಕೊಯ್ದರೆ ವಾರಂಟಿಗೂ ಕುತ್ತು. ರಿಲೇಗೆ ಸಿಗ್ನಲ್ ಇಗ್ನಿಷನ್ನಿಂದ ಬರಲಿ, ಕೀ ತೆಗೆದ ಕೂಡಲೇ ಲೈಟೂ ಆರುತ್ತೆ. ಇಲ್ಲಾಂದ್ರೆ ಒಂದಿನ ಮರೆತು ಬೆಳಗ್ಗೆ ಕಿಕ್ ಹೊಡೀತಾ ನಿಲ್ತೀರಿ. ನನ್ನನ್ನು ಕೇಳಿದರೆ ಹಳದಿ ಬೆಳಕೇ ತಗೊಳ್ಳಿ. ದೂಳಿನ ರಸ್ತೆಯಲ್ಲಿ ಕಣ್ಣಿಗೆ ಹಿತ.

ಪ್ರಶ್ನೆ (ಒಬ್ಬ ತಾಯಿ, ದಾವಣಗೆರೆ):
ನನ್ನ ಮಗ ಬೈಕಿನ ಮುಂದೆ ಕೆಂಪು, ಹಿಂದೆ ನೀಲಿ ಮಿಣಮಿಣ ಅನ್ನೋ ಲೈಟ್ ಹಾಕಿಸಿದ್ದಾನೆ. ಬೆಣ್ಣೆ ದೋಸೆ ತಿನ್ನೋಕೆ ಹೋಗೋದಕ್ಕೆ ಅದೆಲ್ಲ ಯಾಕೋ.

ವಕೀಲರು:
ಇದರಲ್ಲಿ ವಾದವೇ ಇಲ್ಲ ತಾಯಿ, ಬಿಚ್ಚಿಸಿ. 108ನೇ ನಿಯಮದ ಪ್ರಕಾರ ಗಾಡಿಯ ಮುಂದೆ ಕೆಂಪು ಬೆಳಕು ಕಾಣಬಾರದು, ಹಿಂದೆ ಕೆಂಪು ಬಿಟ್ಟು ಬೇರೆ ಕಾಣಬಾರದು. ಇಂಡಿಕೇಟರಿನ ಹಳದಿ, ನಂಬರ್ ಪ್ಲೇಟಿನ ಬಿಳಿ ಬೆಳಕಿನಂಥವಕ್ಕೆ ಮಾತ್ರ ವಿನಾಯಿತಿ.

ಪ್ರಶ್ನೆ (ಚನ್ನಗಿರಿಯ ಸದಸ್ಯ):
ಹಗಲಲ್ಲೂ ನನ್ನ ಬೈಕಿನ ಹೆಡ್‌ಲೈಟ್ ಉರೀತಿರುತ್ತೆ, ಆಫ್ ಮಾಡೋಕೆ ಸ್ವಿಚ್ಚೇ ಇಲ್ಲ. ಅದೂ ತಪ್ಪಾ? ಲೈಟ್ ಹಾಕಿಸಿದರೆ ಇನ್ಶೂರೆನ್ಸ್ ಹೋಗುತ್ತಾ?

ವಕೀಲರು:
ಮೊದಲನೆಯದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳೆಲ್ಲ ಹಾಗೆಯೇ ಬರಬೇಕು ಎಂಬುದೇ ನಿಯಮ. ಎದುರಿನವರು ಕೈ ಬೆರಳು ಮಡಚಿ ಬಿಚ್ಚಿ ಸನ್ನೆ ಮಾಡುತ್ತಾರೆ, ಸುಮ್ನೆ ನಕ್ಕು ಮುಂದೆ ಹೋಗಿ.

ಇನ್ಶೂರೆನ್ಸ್ ವಿಷಯಕ್ಕೆ, ಬಿಲ್ ಇಟ್ಟುಕೊಂಡು ಕಂಪನಿಗೆ ತಿಳಿಸಿ. ಎಲೆಕ್ಟ್ರಿಕಲ್ ಆಕ್ಸೆಸರಿ ಎಂದು ಸ್ವಲ್ಪ ಜಾಸ್ತಿ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಬಹುದು. ಹೇಳದೆ ಹಾಕಿಸಿ, ಆ ವೈರಿಂಗಿನಿಂದಲೇ ಬೈಕ್ ಸುಟ್ಟರೆ, ಕ್ಲೇಮಿಗೆ ತಕರಾರು ತೆಗೆಯುತ್ತಾರೆ.

ಮೊದಲ ಸದಸ್ಯ (ಮರುದಿನ):
ಸರ್, ನಿನ್ನೆ ರಾತ್ರಿ ಪರೀಕ್ಷೆ ಮಾಡಿದೆ. ನಮ್ಮ ಮನೆ ಮುಂದೆ ಅಷ್ಟು ಜಾಗ ಇಲ್ಲ, ಎದುರು ಮನೆ ಗೋಡೆಗೆ ಟೇಪ್ ಹಿಡಿದೆ. ತಮ್ಮನನ್ನು ಬೈಕ್ ಮೇಲೆ ಕೂರಿಸಿ ಲೈಟ್ ಹಾಕಿದರೆ ಬೆಳಕು ಎರಡೂ ಗೆರೆ ದಾಟಿ, ಕಿಟಕಿಯೊಳಗೆ ಹೋಗಿ, ಅವರ ಫ್ಯಾನಿನ ನೆರಳು ಒಳಗಿನ ಗೋಡೆ ಮೇಲೆ ಕಾಣುತ್ತಿತ್ತು. ಅಜ್ಜಿ ಎದ್ದು ಬಂದು ಬೈದರು. ನಟ್ಟು ಸಡಿಲ ಮಾಡಿ ಬಗ್ಗಿಸಿದೆ. ಬಲಗಡೆಯದು ಗೆರೆಯ ಕೆಳಗೆ ಬಂತು. ಎಡಗಡೆಯದು ಕ್ಲ್ಯಾಂಪಿಗೆ ತಾಗುತ್ತದೆ, ಬಗ್ಗುತ್ತಿಲ್ಲ.

ಎಲೆಕ್ಟ್ರಿಷಿಯನ್:
ಕ್ಲ್ಯಾಂಪ್ ತಲೆಕೆಳಗೆ ಹಾಕಿದ್ದಾರೆ. ಬಿಚ್ಚಿ, ತಿರುಗಿಸಿ, ಅಡಿಗೆ ಒಂದು ರಬ್ಬರ್ ವಾಷರ್ ಕೊಟ್ಟು ಕೂರಿಸಿ, ಬಗ್ಗುತ್ತೆ.

ವಕೀಲರು:
ಅದು ಬಗ್ಗುವವರೆಗೆ ಎಡಗಡೆಯದರ ಕನೆಕ್ಷನ್ ಕಿತ್ತಿಟ್ಟಿರಿ. ಕಲ್ಲು ಕಾಣೋಕೆ ಒಂದು ಸಾಕು.