ಪದಚರ್ಚೆ: ‘ಫೇರ್’ ಪಂದ್ಯಕ್ಕೆ ಕನ್ನಡದಲ್ಲಿ ಏನೆನ್ನೋಣ? (ಜೊತೆಗೆ ಕಟ್ಟುಮರ, ಜೋಡಿ, ನೊಗ)

ಬಳಗದವರಿಗೆಲ್ಲ ನಮಸ್ಕಾರ.

ಮೂರು ವಾರದಿಂದ ಒಂದು ಪದದ ಮುಂದೆ ನಿಂತುಬಿಟ್ಟಿದ್ದೇನೆ. ನಿಮ್ಮನ್ನು ಕೇಳದೆ ಮುಂದಕ್ಕೆ ಹೋಗಲು ಮನಸ್ಸು ಬರುತ್ತಿಲ್ಲ. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯನಿಗೂ ಅವನ ಒಬ್ಬ ಗೆಳೆಯ, ಒಬ್ಬ ಗೆಳತಿಗೂ ಹಾಯಿದೋಣಿ ಪಂದ್ಯವೆಂದರೆ ಪ್ರಾಣ. ಸೇಲ್‌ಜಿಪಿ ಪಂದ್ಯಗಳಿರುವ ಶನಿವಾರ, ಭಾನುವಾರ ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲೇ ಅವರ ಬಿಡಾರ. ಈ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಗೆ ಮೂವರೂ ಸೇರಿ ನಾಲ್ಕು ಪುಟದ ಲೇಖನ ಬರೆದು, ‘ಮಾವ, ಕನ್ನಡ ತಿದ್ದಿಕೊಡಿ’ ಎಂದು ನನ್ನ ಕೈಗಿಟ್ಟರು. ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವುದೇ ನನ್ನ ಕೆಲಸ. ಕೆಂಪು ಪೆನ್ನು ಹಿಡಿದು ಕುಳಿತೆ. ‘ನ್ಯಾಯಯುತ ಸ್ಪರ್ಧೆ’ ಎಂಬ ಮಾತು ಹನ್ನೊಂದು ಕಡೆ ಬಂದಿತ್ತು. ಒಂದೊಂದರ ಕೆಳಗೂ ಗೆರೆ ಎಳೆದು ಮತ್ತೆ ಮೊದಲಿಂದ ಓದಿದೆ. ಹನ್ನೊಂದು ಕಡೆಯೂ ಅರ್ಥ ಒಂದೇ ಆಗಿರಲಿಲ್ಲ. ಮಕ್ಕಳು ಮನಸ್ಸಿನಲ್ಲಿ ‘ಫೇರ್’ ಎಂದುಕೊಂಡು, ಕಾಗದದ ಮೇಲೆ ‘ನ್ಯಾಯಯುತ’ ಎಂದು ಬರೆದಿದ್ದರು.

ಆಟವನ್ನು ನೋಡದವರಿಗಾಗಿ ಎರಡು ಮಾತು. ಸೇಲ್‌ಜಿಪಿ ಲ್ಯಾರಿ ಎಲಿಸನ್ ಮತ್ತು ರಸೆಲ್ ಕೂಟ್ಸ್ ಹುಟ್ಟುಹಾಕಿದ ಪಂದ್ಯಮಾಲೆ. ಮೊದಲ ಪಂದ್ಯ ನಡೆದದ್ದು 2019ರಲ್ಲಿ, ಸಿಡ್ನಿಯಲ್ಲಿ. ದೇಶಕ್ಕೊಂದು ತಂಡ, ಎಲ್ಲರಿಗೂ ಎಫ್50 ಎಂಬ ಒಂದೇ ಬಗೆಯ ದೋಣಿ. ಸುಮಾರು 15 ಮೀಟರ್ ಉದ್ದದ ಎರಡು ಸಪೂರ ಒಡಲುಗಳು, ಅವುಗಳನ್ನು ಒಂದಕ್ಕೊಂದು ಬಿಗಿದಿಡುವ ಅಡ್ಡತೊಲೆಗಳು, ವಿಮಾನದ ರೆಕ್ಕೆಯನ್ನು ಕಿತ್ತು ನೆಟ್ಟಗೆ ನಿಲ್ಲಿಸಿದಂತೆ ಕಾಣುವ ಗಟ್ಟಿ ಹಾಯಿ. ವೇಗ ಏರುತ್ತಿದ್ದಂತೆ ಒಡಲಿನ ಕೆಳಗಿನ, ಫಾಯಿಲ್ ಎಂಬ ರೆಕ್ಕೆಯಂಥ ಹಲಗೆಗಳು ಇಡೀ ದೋಣಿಯನ್ನೇ ನೀರಿನಿಂದ ಮೇಲಕ್ಕೆ ಎತ್ತುತ್ತವೆ. ಆಮೇಲೆ ನೀರನ್ನು ಮುಟ್ಟಿರುವುದು ಫಾಯಿಲ್ ಮತ್ತು ಚುಕ್ಕಾಣಿ ಮಾತ್ರ. 2019ರಲ್ಲೇ ಇಂಗ್ಲೆಂಡಿನ ಕೌಸ್‌ನಲ್ಲಿ ಬ್ರಿಟನ್ ತಂಡ 50 ನಾಟ್ ದಾಟಿತು, ಗಂಟೆಗೆ 92 ಕಿಲೋಮೀಟರಿಗೂ ಹೆಚ್ಚು. ನಮ್ಮ ಬೆಂಗಳೂರು ಹೆದ್ದಾರಿಯಲ್ಲಿ ಕಾರು ಓಡುವ ವೇಗದಲ್ಲಿ, ಬರೀ ಗಾಳಿಯ ಬಲದಿಂದ, ದೋಣಿ ಓಡುತ್ತದೆ. ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಈಗ ಪದಕ್ಕೆ ಬರುತ್ತೇನೆ.

ಇಂಥ ಎರಡು ಒಡಲಿನ ದೋಣಿಗೆ ಇಂಗ್ಲಿಷಿನಲ್ಲಿ ‘ಕ್ಯಾಟಮರಾನ್’ ಎನ್ನುತ್ತಾರೆ. ಅದು ತಮಿಳಿನ ಕಟ್ಟುಮರಂ. ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟು ನಮ್ಮಲ್ಲೂ ಇದೆ, ಮರ ನಮ್ಮಲ್ಲೂ ಇದೆ. ಹುರಿದ ಕಡಲೆ ಹುರಿಗಡಲೆ ಆದಂತೆ ಕಟ್ಟಿದ ಮರ ಕಟ್ಟುಮರ. ಚೋಳಮಂಡಲ ಕರಾವಳಿಯ ಮೀನುಗಾರರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗೆ ಇಳಿಯುತ್ತಿದ್ದುದನ್ನು ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಆದರೆ ಆ ಕಟ್ಟುಮರಕ್ಕೆ ಎರಡು ಒಡಲಿರಲಿಲ್ಲ. ಅದು ನಮ್ಮ ತೆಪ್ಪದ ಒಡಹುಟ್ಟು. ಎರಡು ಒಡಲು ಜೋಡಿಸಿ ದೂರದ ಸಮುದ್ರ ದಾಟಿದವರು ಪಾಲಿನೇಷ್ಯಾದ ದ್ವೀಪದವರು. ಹೆಸರು ಬಂಗಾಳ ಕೊಲ್ಲಿಯಿಂದ, ದೋಣಿಯ ಬಗೆ ಶಾಂತಸಾಗರದಿಂದ. ಎರಡನ್ನೂ ಬೆಸೆದದ್ದು ಇಂಗ್ಲಿಷ್. ಹೀಗಾಗಿ ಲೇಖನದಲ್ಲಿ ಕಟ್ಟುಮರ ಎಂದು ಹಾಕುವ ಆಸೆಯನ್ನು ನಾನು ತಡೆದುಕೊಂಡೆ. ಆ ಹೆಸರನ್ನು ಇನ್ನೂ ತನ್ನದಾಗಿ ಉಳಿಸಿಕೊಂಡಿರುವ ಮೀನುಗಾರರ ತೆಪ್ಪಕ್ಕೇ ಅದನ್ನು ಬಿಡೋಣ ಅನ್ನಿಸಿತು. ‘ಜೋಡುದೋಣಿ’ ಎಂದು ತಿದ್ದಿದ್ದೇನೆ. ಜೋಡುರಸ್ತೆ, ಜೋಡೆತ್ತು ಇದ್ದ ಮೇಲೆ ಜೋಡುದೋಣಿಯೂ ಕಿವಿಗೆ ಒಪ್ಪುತ್ತದೆ. ಎರಡು ಒಡಲನ್ನು ಹಿಡಿದಿಡುವ ಅಡ್ಡತೊಲೆಯನ್ನು ನೋಡಿದಾಗಲೆಲ್ಲ ನನಗೆ ಬರುವ ಪದ ‘ನೊಗ’. ಅದನ್ನೂ ಹಾಕಿದ್ದೇನೆ. ನಿಮಗೆ ಹೇಗೆ ಕಾಣುತ್ತದೆಯೋ ಹೇಳಿ.

ಕಷ್ಟ ಇರುವುದು ‘ಫೇರ್’ನಲ್ಲಿ.

ಅಳಿಯನ ವಾದ ಹೀಗಿದೆ: ಸೇಲ್‌ಜಿಪಿಯಲ್ಲಿ ಎಲ್ಲರ ದೋಣಿಯೂ ಒಂದೇ, ಒಂದು ತಂಡದ ಓಟದ ಅಂಕಿಅಂಶವನ್ನು ಉಳಿದ ತಂಡಗಳೂ ನೋಡಬಹುದು, ಆದ್ದರಿಂದ ಗೆದ್ದವರು ತಮ್ಮ ಕೈಚಳಕದಿಂದಲೇ ಗೆದ್ದವರು, ‘ಇದು ನ್ಯಾಯಯುತ ಸ್ಪರ್ಧೆ’. ಗೆಳೆಯ ಒಪ್ಪುವುದಿಲ್ಲ. ದೋಣಿ ಕಟ್ಟುವ ಬುದ್ಧಿಯೂ ಪಂದ್ಯದ ಭಾಗ ಎನ್ನುತ್ತಾನೆ. ಕಪ್ ಇಟ್ಟುಕೊಂಡವರಿಗೆ ಬೇರೆಯವರು ಸವಾಲು ಹಾಕುವ ಹಾಯಿದೋಣಿಗಳ ಹಳೆಯ ಪಂದ್ಯ ಅಮೆರಿಕಾಸ್ ಕಪ್. 2017ರಲ್ಲಿ ಬರ್ಮುಡಾದಲ್ಲಿ ನಡೆದ ಆ ಪಂದ್ಯದಲ್ಲಿ ನ್ಯೂಜಿಲೆಂಡ್ ತಂಡ ಕೈಯಿಂದ ತಿರುಗಿಸುವ ಹಿಡಿಯ ಬದಲು ಸೈಕಲ್ಲಿನ ಪೆಡಲ್ ಇಟ್ಟು, ಹಾಯಿ, ಫಾಯಿಲ್‌ಗಳನ್ನು ಆಡಿಸಲು ಬೇಕಾದ ಎಣ್ಣೆಯ ಒತ್ತಡವನ್ನು ಕಾಲಿನ ಬಲದಿಂದ ತುಂಬಿ 7–1ರಿಂದ ಗೆದ್ದಿತು. ‘ಬೇರೆಯವರಿಗೂ ಕಾಲಿತ್ತು, ಅವರಿಗೆ ಹೊಳೆಯಲಿಲ್ಲ. ಅದು ಹೇಗೆ ನ್ಯಾಯಯುತವಲ್ಲ?’ ಎಂದು ಅವನ ಪ್ರಶ್ನೆ. ನನ್ನ ಮನಸ್ಸು ಇವನ ಕಡೆಗೇ ವಾಲುತ್ತದೆ, ಆದರೆ ಅದು ಬೇರೆ ಮಾತು. ಇಬ್ಬರೂ ಒಂದೇ ಪದವನ್ನು ಹಿಡಿದು ಎಳೆದಾಡುತ್ತಿದ್ದಾರೆ. ಒಬ್ಬನಿಗೆ ಅದರ ಅರ್ಥ ‘ಸಮಬಲ’, ಇನ್ನೊಬ್ಬನಿಗೆ ‘ನಿಯಮದೊಳಗೆ’.

ಈ ಎರಡು ಅರ್ಥಗಳು ಬೇರೆಯಾಗಿ ಕಾಣುವುದು 1988ರ ಪ್ರಕರಣದಲ್ಲಿ. ಅಮೆರಿಕಾಸ್ ಕಪ್ಪಿನ ದಾನಪತ್ರ, ಅಂದರೆ ಕಪ್ ಕೊಟ್ಟವರು ನಿಯಮಗಳನ್ನು ಬರೆದಿಟ್ಟ ಪತ್ರ, ಇದನ್ನು ದೇಶದೇಶಗಳ ನಡುವಿನ ಸ್ನೇಹದ ಸ್ಪರ್ಧೆ ಎಂದು ಕರೆಯುತ್ತದೆ. ನ್ಯೂಜಿಲೆಂಡಿನ ಮೈಕೆಲ್ ಫೇ ಆ ಪತ್ರ ಒಪ್ಪುವ ಅತಿ ದೊಡ್ಡ ಅಳತೆಯ, ನೀರಿನ ಮಟ್ಟದಲ್ಲಿ 90 ಅಡಿ ಉದ್ದದ ಒಂಟಿ ಒಡಲಿನ ದೋಣಿ ಕಟ್ಟಿಸಿ ಸವಾಲು ಹಾಕಿದರು. ಆಗ ಕಪ್ ಇಟ್ಟುಕೊಂಡಿದ್ದ ಅಮೆರಿಕದ ಸ್ಯಾನ್ ಡಿಯಾಗೋ ಕ್ಲಬ್ಬಿನವರು ಎದುರಿಗೆ ಇಳಿಸಿದ್ದು 60 ಅಡಿಯ ಜೋಡುದೋಣಿ. ಚುಕ್ಕಾಣಿ ಡೆನಿಸ್ ಕಾನರ್ ಅವರದು. ಹಗುರವಾದ ಜೋಡುದೋಣಿ ಎರಡು ಓಟವನ್ನೂ ಸಲೀಸಾಗಿ ಗೆದ್ದಿತು. ಗೆಲುವು ನೀರಿನ ಮೇಲೆ ಮುಗಿಯಲಿಲ್ಲ, ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಯಿತು. 1989ರಲ್ಲಿ ಕೆಳಗಿನ ನ್ಯಾಯಾಲಯ ಕಪ್ಪು ನ್ಯೂಜಿಲೆಂಡಿಗೆ ಸೇರಬೇಕೆಂದಿತು. ಮೇಲ್ಮನವಿಯಲ್ಲಿ ಅದು ತಿರುವುಮುರುವಾಯಿತು. 1990ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ಸ್ಯಾನ್ ಡಿಯಾಗೋ ಪರವಾಗಿ ಕೊನೆಯ ತೀರ್ಪು ಕೊಟ್ಟಿತು. ಎರಡು ಒಡಲಿನ ದೋಣಿಯನ್ನು ದಾನಪತ್ರ ನಿಷೇಧಿಸಿಲ್ಲ. ಕಾನೂನಿಗೆ ಸರಿಯೇ ಎಂಬುದು ಒಂದು ಪ್ರಶ್ನೆ, ಆಟದ ಧರ್ಮಕ್ಕೆ ಸರಿಯೇ ಎಂಬುದು ಪೂರ್ತಿ ಬೇರೆ ಪ್ರಶ್ನೆ, ಎರಡನೆಯದನ್ನು ಬಗೆಹರಿಸುವುದು ನ್ಯಾಯಾಲಯದ ಕೆಲಸವಲ್ಲ ಎಂಬುದು ಆ ತೀರ್ಪಿನ ಸಾರ.

ಇದನ್ನು ಓದಿದ ಮೇಲೆ ನನ್ನ ಪೆನ್ನು ‘ನ್ಯಾಯಯುತ’ದ ಮೇಲೆಯೇ ನಿಂತಿತು. ನ್ಯಾಯಾಲಯವೇ ‘ಇದು ನನ್ನ ಪ್ರಶ್ನೆಯಲ್ಲ’ ಎಂದದ್ದನ್ನು ನಾವು ‘ನ್ಯಾಯ’ ಎಂಬ ಪದದಿಂದಲೇ ಹೇಳಹೊರಟರೆ ಓದುಗ ದಾರಿ ತಪ್ಪುತ್ತಾನೆ. 1988ರ ಓಟ ನಿಯಮಕ್ಕೆ ಒಪ್ಪಿತ್ತು, ಆದರೆ ಸರಿಸಾಟಿಯಾಗಿರಲಿಲ್ಲ. ಕನ್ನಡದಲ್ಲಿ ಇದನ್ನು ಒಂದೇ ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳಬಹುದು. ‘ಫೇರ್’ ಒಂದನ್ನೇ ಇಟ್ಟುಕೊಂಡರೆ ಹೇಳಲಾಗದು.

ಈ ಜಗಳ ಹಳೆಯದು. 1876ರಲ್ಲೇ ನಥಾನಿಯಲ್ ಹೆರೆಶಾಫ್ ಕಟ್ಟಿದ ‘ಅಮರಿಲಿಸ್’ ಎಂಬ ಜೋಡುದೋಣಿ ನ್ಯೂಯಾರ್ಕಿನ ಪಂದ್ಯದಲ್ಲಿ ಉಳಿದ ದೋಣಿಗಳನ್ನೆಲ್ಲ ಹಿಂದೆ ಹಾಕಿತು. ಸೋತವರು ಆಕ್ಷೇಪಿಸಿದರು, ಅಂಥ ದೋಣಿಯನ್ನು ಮಾಮೂಲಿ ಪಂದ್ಯಗಳಿಂದ ಹೊರಗಿಟ್ಟರು.

ಸಮಬಲದ ಪಂದ್ಯಕ್ಕೆ ಪದ ಹುಡುಕುತ್ತಿದ್ದಾಗ ನನಗೆ ಅದು ಸಿಕ್ಕಿದ್ದು ನಿಘಂಟಿನಲ್ಲಲ್ಲ, ದೊಡ್ಡಕೆರೆ ಮೈದಾನದಲ್ಲಿ. ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ದಿನವೊಂದು ಇರುತ್ತದೆ ಎಂಬುದು ಮೈಸೂರಿನವರಿಗೆ ಗೊತ್ತು. ಗರಡಿಗಳಿಂದ ಪೈಲ್ವಾನರು ಬಂದು ಸಾಲಾಗಿ ನಿಲ್ಲುತ್ತಾರೆ. ಒಮ್ಮೆ ನಾನು ಅಖಾಡದ ಅಂಚಿಗೇ ನಿಂತು ನೋಡಿದ್ದೇನೆ. ವಯಸ್ಸಾದ ಉಸ್ತಾದರೊಬ್ಬರು ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿದರು. ಇಬ್ಬರ ಕೈಯನ್ನೂ ಸೇರಿಸಿದರು. ಹೆಗಲಿನಿಂದ ಹೆಗಲಿಗೆ ಕಣ್ಣಳತೆ ಹಾಕಿ, ಒಬ್ಬನ ತೋಳನ್ನು ಒತ್ತಿ ನೋಡಿ, ‘ಇವನು ಒಂದು ಕೈ ಮೇಲು, ಬೇರೆಯವನನ್ನು ಕರೆಯಿರಿ’ ಎಂದರು. ಹೊರಗುಳಿದ ಹುಡುಗ ಬೇಸರದಿಂದ ಹಿಂದೆ ಸರಿದ. ಮೂರನೆಯವನು ಬಂದ. ಉಸ್ತಾದರು ಈ ಸಲ ತಲೆಯಾಡಿಸಿದರು, ಜೋಡಿ ಕಟ್ಟಿತು. ಕುಸ್ತಿ ಇನ್ನೂ ಶುರುವೇ ಆಗಿರಲಿಲ್ಲ. ಅಳಿಯ ‘ಫೇರ್’ ಎಂದು ಹೇಳಹೊರಟಿರುವುದು ಇದನ್ನೇ: ಆಡುವ ಮುಂಚೆಯೇ ಇಬ್ಬರನ್ನೂ ತೂಗಿ ನೋಡಿ ಸಮ ಮಾಡುವುದು. ಸೇಲ್‌ಜಿಪಿ ಎಲ್ಲರಿಗೂ ಒಂದೇ ದೋಣಿ ಕೊಟ್ಟು ಮಾಡಿರುವುದೂ ಜೋಡಿ ಕಟ್ಟುವ ಕೆಲಸವೇ. ಐದು ಕಡೆ ‘ನ್ಯಾಯಯುತ ಸ್ಪರ್ಧೆ’ ಹೊಡೆದುಹಾಕಿ ‘ಸರಿಜೋಡಿ ಪಂದ್ಯ’ ಎಂದು ಬರೆದೆ.

ಇಲ್ಲೊಂದು ಸೋಜಿಗವಿದೆ. ಗರಡಿಯಲ್ಲಿ ಜೋಡಿ ಎಂದರೆ ಎದುರಾಳಿ. ನಮ್ಮ ಊರಿನ ಕೊಟ್ಟಿಗೆಯಲ್ಲಿ ಜೋಡಿ ಎಂದರೆ ಜೊತೆಗಾರ. ಪಾಂಡವಪುರದ ಕಡೆಯ ಹಳ್ಳಿಯಲ್ಲಿದ್ದ ನನ್ನ ದೊಡ್ಡಪ್ಪ ಒಮ್ಮೆ ಚುಂಚನಕಟ್ಟೆ ಜಾತ್ರೆಯಿಂದ ಒಂಟಿ ಹೋರಿಯೊಂದನ್ನು ತಂದು, ಮನೆಯ ಎತ್ತಿನ ಪಕ್ಕ ನಿಲ್ಲಿಸಿ ನೊಗ ಇಟ್ಟರು. ನೊಗ ಹೊಸ ಹೋರಿಯ ಕಡೆಗೆ ನಾಲ್ಕು ಬೆರಳಿನಷ್ಟು ವಾಲಿತು. ‘ಜೋಡಿ ಕೂಡಲಿಲ್ಲ, ಗಿಡ್ಡದರ ಹೆಗಲು ಹುಣ್ಣಾಗುತ್ತದೆ’ ಎಂದು ನೊಗ ಇಳಿಸಿಬಿಟ್ಟರು. ಹೋರಿಯನ್ನು ಮುಂದಿನ ವಾರವೇ ಬೇರೆಯವರಿಗೆ ಕೊಟ್ಟರು. ಜೊತೆಯಲ್ಲಿ ಎಳೆಯುವವನಿಗೂ ಎದುರು ನಿಲ್ಲುವವನಿಗೂ ಒಂದೇ ಪದ, ಎರಡರಲ್ಲೂ ಕೇಳುವುದು ಸಮವಾಗಿರಬೇಕು ಎಂಬುದನ್ನೇ. ಹಳಗನ್ನಡದ ‘ಎಣೆ’ಯೂ ಹೀಗೆಯೇ: ಎಣೆವಕ್ಕಿಯಲ್ಲಿ ಅದು ಜೊತೆ, ‘ಎಣೆಯಿಲ್ಲದ ವೀರ’ನಲ್ಲಿ ಅದು ಸಾಟಿ.

ಉಳಿದ ಕಡೆಗಳಲ್ಲಿ ತಿದ್ದುವುದು ಸುಲಭವಾಯಿತು. ಮೂರು ಕಡೆ ಮಕ್ಕಳು ಹೇಳಹೊರಟಿದ್ದು ನಿಯಮ ಮೀರದ ಆಟ, ಅಲ್ಲಿ ‘ಕಟ್ಟುಪಾಡಿಗೆ ಒಪ್ಪಿದ’ ಎಂದೆ. ಎರಡು ಕಡೆ ಮೋಸದ ಪ್ರಸ್ತಾಪವಿತ್ತು. 2013ರ ಅಮೆರಿಕಾಸ್ ಕಪ್‌ಗೆ ಮೊದಲು ನಡೆದ ಸರಣಿಯಲ್ಲಿ ಅಮೆರಿಕದ ಒರಾಕಲ್ ತಂಡದ ಚಿಕ್ಕ ದೋಣಿಗಳಲ್ಲಿ ನಿಯಮ ಮೀರಿ ತೂಕ ಸೇರಿಸಿದ್ದು ಪತ್ತೆಯಾಗಿ, ಆ ತಂಡ ಕಪ್ಪಿನ ಪಂದ್ಯವನ್ನು ಎರಡು ಅಂಕದ ದಂಡದೊಂದಿಗೆ ಆರಂಭಿಸಬೇಕಾಯಿತು. ಇದಕ್ಕೆ ನಮ್ಮಲ್ಲಿ ‘ಕಳ್ಳಾಟ’ ಇದೆ, ಅದರ ಎದುರಿಗೆ ‘ನಿಯತ್ತಿನ ಆಟ’ ಇದೆ. ಬೇರೆ ಹುಡುಕುವುದು ಬೇಡ.

ಹನ್ನೊಂದನೆಯದು ಗೆಳತಿ ಬರೆದ ವಾಕ್ಯ, ಅದೇ 2013ರ ಪಂದ್ಯದ್ದು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ, 72 ಅಡಿಯ ಜೋಡುದೋಣಿಗಳು. ಒರಾಕಲ್ ತಂಡದ ಎದುರು ಆಡುತ್ತಿದ್ದ ನ್ಯೂಜಿಲೆಂಡಿಗೆ ಕಪ್ಪು ಗೆಲ್ಲಲು ಇನ್ನೊಂದೇ ಗೆಲುವು ಬೇಕಿತ್ತು. ಒಂದು ಓಟದಲ್ಲಿ ಗಾಳಿ ತೀರಾ ಮೆಲ್ಲಗಾಯಿತು. ಅವರು ಬಹಳ ಮುಂದಿದ್ದರು, ಗುರಿ ಹತ್ತಿರವಿತ್ತು. ಅಷ್ಟರಲ್ಲಿ ಓಟಕ್ಕೆ ಇಟ್ಟಿದ್ದ 40 ನಿಮಿಷದ ಗಡುವು ಮುಗಿದು ಓಟವೇ ರದ್ದಾಯಿತು. ಒಂದು ಹಂತದಲ್ಲಿ 8–1ರಿಂದ ಮುಂದಿದ್ದವರು ಕೊನೆಗೆ 9–8ರಿಂದ ಸೋತರು. ‘ಇದು ನ್ಯಾಯಯುತವಲ್ಲ’ ಎಂದು ಅವಳು ಬರೆದಿದ್ದಳು. ಗಡುವು ಇಬ್ಬರಿಗೂ ಒಂದೇ ಆಗಿತ್ತಲ್ಲ ಎಂದು ಇಬ್ಬರು ಹುಡುಗರೂ ಅವಳ ಮೇಲೆ ಬಿದ್ದರು. ಕಟ್ಟುಪಾಡು ಮುರಿದಿಲ್ಲ, ಆ ಓಟದಲ್ಲಿ ಕಳ್ಳಾಟವಿಲ್ಲ, ಜೋಡಿಯೂ ಸರಿಯಾಗಿತ್ತು. ಆದರೆ ಅವಳಿಗೆ ಅನ್ನಿಸಿದ್ದು ಸುಳ್ಳೇ? ನಾನು ಎರಡು ದಿನ ಯೋಚಿಸಿದೆ. ‘ಹುಡುಗ ಅನ್ಯಾಯವಾಗಿ ಸತ್ತ’, ‘ಬೆಳೆ ಅನ್ಯಾಯವಾಗಿ ಹಾಳಾಯಿತು’ ಎನ್ನುತ್ತೇವೆ. ಅಲ್ಲಿ ಯಾರೂ ಯಾವ ನಿಯಮವನ್ನೂ ಮುರಿದಿರುವುದಿಲ್ಲ. ಕನ್ನಡದ ಅನ್ಯಾಯ ನ್ಯಾಯದ ಬರೀ ಎದುರುಪದವಲ್ಲ, ಆಗಬಾರದ್ದು ಆದಾಗಿನ ಸಂಕಟವೂ ಅದರಲ್ಲಿದೆ. ಅವಳ ವಾಕ್ಯವನ್ನು ‘ಕಪ್ಪು ಅನ್ಯಾಯವಾಗಿ ಕೈತಪ್ಪಿತು’ ಎಂದು ತಿದ್ದಿದೆ. ಓದಿ ನೋಡಿ, ‘ನಾನು ಹೇಳಬೇಕೆಂದಿದ್ದು ಇದೇ ಸರ್’ ಎಂದಳು. ಹುಡುಗರೂ ಸುಮ್ಮನಾದರು.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಜೋಡಿ ಎಂಬ ಪದವನ್ನು ಎದುರಾಳಿ ಎಂಬ ಅರ್ಥದಲ್ಲಿ ಮೈಸೂರಿನ ಗರಡಿಯ ಹೊರಗೆ, ಬೇರೆ ಆಟಗಳಲ್ಲಿ, ಬೇರೆ ಜಿಲ್ಲೆಗಳಲ್ಲಿ ಯಾರಾದರೂ ಕೇಳಿದ್ದೀರಾ? ಇಲ್ಲದಿದ್ದರೆ ‘ಸರಿಜೋಡಿ ಪಂದ್ಯ’ ಎಂದಾಗ ಧಾರವಾಡದ, ಮಂಗಳೂರಿನ ಓದುಗರು ಜೋಡಿಯಾಗಿ ಆಡುವ ಪಂದ್ಯ ಎಂದು ತಪ್ಪು ತಿಳಿಯುವ ಅಪಾಯವಿದೆ. ಅವರಿಗಾಗಿ ‘ಸರಿಸಾಟಿ ಪಂದ್ಯ’ ಎಂದರೆ ಸಾಕೇ? ಕರಾವಳಿಯ ಸದಸ್ಯರು ಇನ್ನೊಂದು ಉಪಕಾರ ಮಾಡಬೇಕು: ಎರಡು ದೋಣಿಗಳನ್ನು ಅಡ್ಡತೊಲೆಯಿಂದ ಜೋಡಿಸಿದಾಗ ಆ ತೊಲೆಗೆ ನಿಮ್ಮಲ್ಲಿ ಏನು ಹೆಸರು? ಅದು ಸಿಕ್ಕರೆ ನನ್ನ ‘ನೊಗ’ವನ್ನು ಸಂತೋಷದಿಂದ ತೆಗೆಯುತ್ತೇನೆ. ಫಾಯಿಲ್‌ಗೆ ‘ನೀರರೆಕ್ಕೆ’ ಎಂದು ಅಳಿಯ ಹಾಕಿದ್ದ. ಮಕ್ಕಳು ದಿನವೂ ಆಡುವ ಮಾತು ಫಾಯಿಲ್, ಅದನ್ನೇ ಉಳಿಸಿದ್ದೇನೆ.

ಸಂಚಿಕೆ ಮುಂದಿನ ಗುರುವಾರ ಅಚ್ಚಿಗೆ ಹೋಗುತ್ತದೆ. ಬುಧವಾರ ಸಂಜೆಯೊಳಗೆ ಉತ್ತರ ಬಂದರೆ ಕೊನೆಯ ಕರಡಿನಲ್ಲಿ ಸೇರಿಸುತ್ತೇನೆ.

ಇಂತು ನಿಮ್ಮವನು,
ಬಳಗದ ಸದಸ್ಯ, ಮೈಸೂರು